ದುಬೈಯಲ್ಲಿ ಎಸಿ ಬಿಸಿನೆಸ್ ಮಾಡಬೇಕು ಅಂತಿರುವ ಸಾಗರದ ತಮ್ಮನಿಗೆ

ನೀವು ಕೇಳಿದ್ದು ಇಷ್ಟು. ಬೆಂಗಳೂರಿನಲ್ಲಿ ಎಸಿ ಸರ್ವಿಸ್ ಮಾಡಿಕೊಂಡಿದ್ದೀರಿ. ಒಟ್ಟಿಗೆ ಐಟಿಐ ಓದಿದ ಗೆಳೆಯ ದುಬೈಯಲ್ಲಿ ಸಣ್ಣ ಮೇಂಟೆನೆನ್ಸ್ ಕಂಪನಿ ನಡೆಸುತ್ತಿದ್ದಾನೆ, ಪಾರ್ಟ್ನರ್ ಆಗು ಬಾ ಅಂತ ಕರೆದಿದ್ದಾನೆ. ಸಾಗರದ ಸೈಟು ಮಾರಿದರೆ 18 ಲಕ್ಷ ಕೈಗೆ ಬರುತ್ತದೆ. ಹೋಗಬಹುದಾ, ಹೆಂಡತಿ ಮಗುವನ್ನೂ ಕರೆದುಕೊಂಡು ಹೋಗಬಹುದಾ, ನಮ್ಮವರು ಇದ್ದಾರಾ, ಯಾವುದಕ್ಕೆ ಹುಷಾರಾಗಿರಬೇಕು ಅಂತ ಕೇಳಿದ್ದೀರಿ. ಅಣ್ಣಾ ಅಂತ ಬೇರೆ ಕರೆದಿದ್ದೀರಿ. ಹಾಗಾಗಿ ಇದೇ ಕಸುಬಿನಲ್ಲಿರುವ ನಾನು ಗೊತ್ತಿದ್ದಷ್ಟು ನೇರವಾಗಿ ಹೇಳುತ್ತೇನೆ.

ನಾನು ಕುಂದಾಪುರದ ಕಡೆಯವನು. 2004ರಲ್ಲಿ ಬಂದೆ. ಆಗ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇರಲಿಲ್ಲ, ಅದು ಶುರುವಾದದ್ದು 2006ರಲ್ಲಿ. ಬಸ್ಸಿನಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ಹತ್ತಬೇಕಿತ್ತು. ನಾನು ಬಂದಿಳಿದದ್ದು ಜುಲೈಯಲ್ಲಿ. ಕರಾವಳಿಯವನಿಗೆ ಸೆಕೆ ಏನು ಹೊಸದಾ ಅಂದುಕೊಂಡಿದ್ದೆ. ಏರ್‌ಪೋರ್ಟಿನ ಬಾಗಿಲು ದಾಟುತ್ತಿದ್ದಂತೆ ಕನ್ನಡಕದ ತುಂಬ ಹಬೆ ಕೂತು ಕರೆದುಕೊಂಡು ಹೋಗಲು ಬಂದವನ ಮುಖವೇ ಕಾಣಲಿಲ್ಲ, ಅದೂ ನಡುರಾತ್ರಿಯಲ್ಲಿ. ದೇರಾದ ನೈಫ್‌ನಲ್ಲಿ ಬೆಡ್ ಸ್ಪೇಸ್. ಅಂದರೆ ಮನೆಯಲ್ಲ, ರೂಮೂ ಅಲ್ಲ, ಎರಡಂತಸ್ತಿನ ಮಂಚದಲ್ಲಿ ಒಂದು ಹಾಸಿಗೆ. ಅದರ ಸುತ್ತ ಹಳೆಯ ಬೆಡ್‌ಶೀಟಿನ ಪರದೆ. ಪರದೆಯ ಒಳಗಿನದ್ದೆಲ್ಲ ನಿಮ್ಮದು: ಸೂಟ್‌ಕೇಸು, ಮೊಬೈಲ್ ಚಾರ್ಜರ್, ದೇವರ ಫೋಟೋ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ. ಹೆಲ್ಪರ್ ಆಗಿ ಸೇರಿ ಆಮೇಲೆ ಟೆಕ್ನೀಶಿಯನ್ ಆಗಿ, ಕೊನೆಗೆ ನನ್ನದೇ ಎರಡು ವ್ಯಾನ್ ಇಟ್ಟುಕೊಂಡೆ. ಇದನ್ನು ಹೇಳಿಕೊಳ್ಳಲು ಸ್ವಲ್ಪ ಹೆಮ್ಮೆಯಿದೆ, ಇಲ್ಲ ಅನ್ನುವುದಿಲ್ಲ.

ಈಗ ನಿಮ್ಮ ಪ್ರಶ್ನೆಗಳು. ನಮ್ಮವರು ಇದ್ದಾರೆ, ಬೇಕಾದಷ್ಟಿದ್ದಾರೆ. ಕರಾಮಾದಲ್ಲಿ ನಿಂತು ಸ್ವಲ್ಪ ಗಟ್ಟಿಯಾಗಿ ಕನ್ನಡ ಮಾತಾಡಿದರೆ ಯಾರಾದರೂ ತಿರುಗಿ ನೋಡುತ್ತಾರೆ. ಊಟದ ಚಿಂತೆ ಬಿಡಿ, ಮಸಾಲೆ ದೋಸೆಯೂ ಸಿಗುತ್ತದೆ, ಬಂಗುಡೆಯೂ ಸಿಗುತ್ತದೆ. ಮಕ್ಕಳಿಗೆ ಸಿಬಿಎಸ್‌ಇ ಸ್ಕೂಲುಗಳಿವೆ, ಫೀಸು ಮಾತ್ರ ಮೊದಲೇ ಕೇಳಿಕೊಳ್ಳಿ. ವಾಟ್ಸಾಪಿನಲ್ಲಿ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಊರಲ್ಲಿ ಅಮ್ಮನ ಫೋನಿಗೆ ಬೋಟಿಮ್ ಅನ್ನುವ ಕಾಲಿಂಗ್ ಆ್ಯಪ್ ಹಾಕಿಕೊಟ್ಟೇ ಹೊರಡಿ, ಆಮೇಲೆ ಇಲ್ಲಿಂದ ಹೇಳಿಕೊಡುವುದು ದೊಡ್ಡ ರಗಳೆ.

ಹೆಂಡತಿ ಮಗುವನ್ನು ಮೊದಲ ವರ್ಷ ಕರೆತರಬೇಡಿ. ಅಷ್ಟೇ. ಯಾಕೆ ಅಂತ ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತದೆ.

18 ಲಕ್ಷ ಅಂದರೆ ಇಲ್ಲಿಯ ಲೆಕ್ಕದಲ್ಲಿ ಹತ್ತಿರಹತ್ತಿರ 75 ಸಾವಿರ ದಿರ್ಹಾಮ್. ಸಾಗರದಲ್ಲಿ ದೊಡ್ಡ ದುಡ್ಡು, ಇಲ್ಲಿ ಅಲ್ಲ. ಲೈಸೆನ್ಸು, ಆಫೀಸಿನ ಬಾಡಿಗೆ, ಅದರ ಇಜಾರಿ (ಬಾಡಿಗೆ ಕರಾರಿನ ಸರ್ಕಾರಿ ನೋಂದಣಿ), ನಿಮ್ಮ ವೀಸಾ, ಇಬ್ಬರು ಹುಡುಗರ ವೀಸಾ, ಒಂದು ಹಳೇ ವ್ಯಾನು, ಗೇಜು, ವ್ಯಾಕ್ಯೂಮ್ ಪಂಪು, ಗ್ಯಾಸಿನ ಸಿಲಿಂಡರು ಇಷ್ಟಕ್ಕೇ ಅದು ಮುಗಿಯುತ್ತದೆ. ಬ್ಯಾಂಕಿನಲ್ಲಿ ಕಂಪನಿ ಅಕೌಂಟ್ ತೆರೆಯಲು ವಾರಗಟ್ಟಲೆ ಹಿಡಿಯುತ್ತದೆ, ಅದರಲ್ಲಿ ಕನಿಷ್ಠ ಬ್ಯಾಲೆನ್ಸ್ ಬೇರೆ ಇಡಬೇಕು. ಊರಿಂದ ದುಡ್ಡು ತರುವುದಾದರೆ ಬ್ಯಾಂಕಿನ ಮೂಲಕವೇ ತನ್ನಿ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಲು ರಿಸರ್ವ್ ಬ್ಯಾಂಕ್ ಬಿಡುತ್ತದೆ, ಕಂಪನಿಯ ಷೇರಿಗೆ ಹಾಕುವುದಾದರೆ ಅದಕ್ಕೆ ಬೇರೆ ಫಾರಂ ಇದೆ. ಒಬ್ಬರು ಒಳ್ಳೆ ಆಡಿಟರನ್ನು ಕೇಳಿ. ನಂಬಿಕಸ್ಥರ ಕೈಯಲ್ಲಿ ಕೊಟ್ಟುಬಿಡು, ಇಲ್ಲಿ ಇಸ್ಕೊಳ್ತೀನಿ ಅಂತ ಗೆಳೆಯ ಹೇಳಿದರೆ ಒಪ್ಪಬೇಡಿ.

ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡು, ಪೇಪರ್ ಆಮೇಲೆ ಮಾಡೋಣ ಅಂದರೂ ಒಪ್ಪಬೇಡಿ. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಈಗ ದಂಡ ಒಂದು ಲಕ್ಷ ದಿರ್ಹಾಮ್‌ನಿಂದ ಶುರುವಾಗಿ ಹತ್ತು ಲಕ್ಷದವರೆಗೂ ಹೋಗುತ್ತದೆ, 2024ರ ಕಾನೂನು. ನಿಮ್ಮನ್ನು ಹಿಡಿದರೆ ಮುಳುಗುವುದು ನಿಮ್ಮ ಗೆಳೆಯನ ಕಂಪನಿ, ಅಂದರೆ ನೀವು ದುಡ್ಡು ಹಾಕಿದ ಕಂಪನಿ.

ನಾನು ಶುರು ಮಾಡಿದ ಕಾಲದಲ್ಲಿ ಇಂಥ ಕಂಪನಿಯಲ್ಲಿ 51 ಪರ್ಸೆಂಟ್ ಇಲ್ಲಿಯ ಪ್ರಜೆಯ ಹೆಸರಿನಲ್ಲಿ ಇರಲೇಬೇಕಿತ್ತು. ಅವರನ್ನು ನಾವೆಲ್ಲ ಅರ್ಬಾಬ್ ಅನ್ನುತ್ತಿದ್ದೆವು. ವರ್ಷಕ್ಕಿಷ್ಟು ಅಂತ ಕೊಟ್ಟು, ವ್ಯಾಪಾರ ನಿಜವಾಗಿ ನಮ್ಮದು ಅಂತ ಒಳಗಿಂದೊಳಗೆ ಒಂದು ಸೈಡ್ ಅಗ್ರಿಮೆಂಟ್ ಬರೆದುಕೊಳ್ಳುವುದು ಮಾಮೂಲಿ. ನನ್ನ ಅರ್ಬಾಬ್ ಒಳ್ಳೆಯ ಮನುಷ್ಯ. ರಂಜಾನಿಗೆ ಖರ್ಜೂರದ ಡಬ್ಬ ಕಳಿಸುತ್ತಿದ್ದರು, ಲೈಸೆನ್ಸ್ ರಿನ್ಯೂ ಮಾಡುವಾಗ ಬಂದು ಸಹಿ ಹಾಕಿ ಚಹಾ ಕುಡಿದು ಹೋಗುತ್ತಿದ್ದರು. ಎಲ್ಲರಿಗೂ ಅಂಥವರು ಸಿಗಲಿಲ್ಲ. 2021ರ ಜೂನ್‌ನಿಂದ ಹೆಚ್ಚಿನ ವ್ಯಾಪಾರಗಳಿಗೆ ಆ ಕಟ್ಟಳೆ ಹೋಗಿದೆ, ಪೂರ್ತಿ ನೂರು ಪರ್ಸೆಂಟ್ ನಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಬಹುದು. ಹಾಗಾಗಿ ನಿಮ್ಮ ಪಾಲು ಎಷ್ಟೋ ಅಷ್ಟು ಎಂಓಎ ಅನ್ನುವ ಕಂಪನಿ ಪತ್ರದಲ್ಲಿ ನಿಮ್ಮ ಹೆಸರಿನ ಮುಂದೆ ಬರಲಿ. ಬಾಯಿಮಾತಲ್ಲಿ ಅರ್ಧರ್ಧ ಅನ್ನುವುದೆಲ್ಲ ಬೇಡ. ಇನ್ನೊಂದು, ಲೈಸೆನ್ಸ್ ಮೇನ್‌ಲ್ಯಾಂಡಾ ಫ್ರೀ ಝೋನಾ ಕೇಳಿ, ಅಂದರೆ ಊರೊಳಗೆಲ್ಲ ವ್ಯಾಪಾರ ಮಾಡುವಂಥದ್ದಾ, ಒಂದು ಗೊತ್ತಾದ ವಲಯಕ್ಕೆ ಸೇರಿದ್ದಾ ಅಂತ. ಜನರ ಮನೆಗೆ, ಅಂಗಡಿಗೆ, ವಿಲ್ಲಾಗಳಿಗೆ ಹೋಗಿ ಎಸಿ ರಿಪೇರಿ ಮಾಡುವ ಕೆಲಸಕ್ಕೆ ಮೇನ್‌ಲ್ಯಾಂಡ್ ಬೇಕು. ಫ್ರೀ ಝೋನ್ ಅಗ್ಗ ಅಂತ ತೆಗೆದುಕೊಂಡು ಆಮೇಲೆ ಪರದಾಡಿದವರನ್ನು ನೋಡಿದ್ದೇನೆ.

ಇದೆಲ್ಲ ಟೈಪಿಂಗ್ ಸೆಂಟರಿನವರೂ, ಅಂದರೆ ಇಲ್ಲಿ ಸರ್ಕಾರಿ ಅರ್ಜಿ ತುಂಬಿಕೊಡುವ ಅಂಗಡಿಯವರೂ, ಹೇಳುತ್ತಾರೆ. ಅವರು ಹೇಳದೇ ಇರುವುದು ಚೆಕ್ಕಿನ ವಿಷಯ.

ಊರಲ್ಲಿ ನೀವು ಎಸಿ ಗ್ಯಾಸ್ ತುಂಬಿ ಕೈಕೈ ದುಡ್ಡು ಇಸ್ಕೊಂಡು ಬರುತ್ತೀರಿ. ಇಲ್ಲಿಯೂ ಮನೆ ಕೆಲಸದಲ್ಲಿ ಹಾಗೇ. ಆದರೆ ಆ ಚಿಲ್ಲರೆ ಕೆಲಸದಲ್ಲಿ ಬಾಡಿಗೆ ಹುಟ್ಟುವುದಿಲ್ಲ, ಹಾಗಾಗಿ ಯಾರಾದರೂ ಕಂಟ್ರಾಕ್ಟರ್ ಕೈಕೆಳಗೆ ಬಿಲ್ಡಿಂಗ್ ಕೆಲಸ ಹಿಡಿಯಲು ಹೆಚ್ಚಿನವರು ಹೋಗುತ್ತಾರೆ. ಮೊದಲು ಎಲ್‌ಪಿಓ ಬರುತ್ತದೆ, ಅಂದರೆ ಕೆಲಸದ ಲಿಖಿತ ಆರ್ಡರ್. ಅದನ್ನು ನೋಡಿದಾಗ ಆಗುವ ಖುಷಿಯೇ ಬೇರೆ. ಆಮೇಲೆ ಡಕ್ಟು, ಕಾಪರ್ ಪೈಪು, ಇನ್ಸುಲೇಶನ್ ಎಲ್ಲ ಡೀಲರ್ ಹತ್ತಿರ ತರಬೇಕು. ಅವನು 60 ದಿನದ ಪಿಡಿಸಿ ಕೇಳುತ್ತಾನೆ, ಅಂದರೆ ಮುಂದಿನ ತಾರೀಕು ಹಾಕಿದ ಚೆಕ್ಕು. ನೀವು ಸಹಿ ಹಾಕಿ ಕೊಡುತ್ತೀರಿ. ಕೆಲಸ ಮುಗಿದ ಮೇಲೆ ಕಂಟ್ರಾಕ್ಟರ್ ನಿಮಗೂ ಪಿಡಿಸಿಯನ್ನೇ ಕೊಡುತ್ತಾನೆ, 90 ದಿನದ್ದೋ 120 ದಿನದ್ದೋ. ಅದರಲ್ಲೂ ಹತ್ತು ಪರ್ಸೆಂಟ್ ರಿಟೆನ್ಶನ್ ಅಂತ ಹಿಡಿದಿಟ್ಟುಕೊಂಡು ವರ್ಷ ಕಳೆದ ಮೇಲೆ ಕೊಡುತ್ತೇನೆ ಅನ್ನುತ್ತಾನೆ. ತಾರೀಕುಗಳನ್ನು ಇನ್ನೊಂದು ಸಲ ನೋಡಿ. ನೀವು ಕೊಡುವುದು ಮೊದಲು, ನಿಮಗೆ ಬರುವುದು ಆಮೇಲೆ. ಮಧ್ಯದ ಆ ಎರಡು ತಿಂಗಳು ಹುಡುಗರ ಸಂಬಳ ನಿಲ್ಲಿಸುವ ಹಾಗಿಲ್ಲ, ಅದು ಡಬ್ಲ್ಯೂಪಿಎಸ್ ಅನ್ನುವ ಸರ್ಕಾರದ ಸಂಬಳ ಪಾವತಿ ವ್ಯವಸ್ಥೆಯ ಮೂಲಕ ತಿಂಗಳು ತಿಂಗಳು ಹೋಗಲೇಬೇಕು, ಸರ್ಕಾರ ನೋಡುತ್ತಿರುತ್ತದೆ. ಮೇಲೆ ಐದು ಪರ್ಸೆಂಟ್ ವ್ಯಾಟ್. ಬಿಲ್ ಬರೆದ ಮೇಲೆ ಗಿರಾಕಿ ಕೊಡಲಿ ಬಿಡಲಿ, ರಿಟರ್ನ್ ಹಾಕುವಾಗ ನೀವು ಕಟ್ಟಬೇಕು. ವಾಪಸ್ ಕೇಳಲು ದಾರಿ ಇದೆ, ಆದರೆ ಆರು ತಿಂಗಳು ಕಳೆದ ಮೇಲೆ. ಲಾಭದ ಮೇಲೆ 2023ರಿಂದ ಕಾರ್ಪೊರೇಟ್ ಟ್ಯಾಕ್ಸೂ ಬಂದಿದೆ, 3,75,000 ದಿರ್ಹಾಮ್ ದಾಟಿದರೆ ಒಂಬತ್ತು ಪರ್ಸೆಂಟ್. ಅಷ್ಟು ಲಾಭ ಬಂದಾಗ ನನಗೆ ಫೋನ್ ಮಾಡಿ, ಸಂತೋಷಪಡೋಣ.

2009ರಲ್ಲಿ ದುಬೈ ಕುಸಿಯಿತು, ನಿಮಗೂ ನೆನಪಿರಬಹುದು, ಪೇಪರಿನಲ್ಲೆಲ್ಲ ಬಂದಿತ್ತು. ಅರ್ಧ ಎದ್ದ ಕಟ್ಟಡಗಳು ಹಾಗೆಹಾಗೇ ನಿಂತುಹೋದವು. ನಾನು ಆಗಷ್ಟೇ ಒಂದು ವಿಲ್ಲಾ ಪ್ರಾಜೆಕ್ಟಿನ ಡಕ್ಟಿಂಗ್ ಕೆಲಸ ಮುಗಿಸಿಕೊಟ್ಟಿದ್ದೆ. ಬಿಲ್ಡರ್ ಕಂಟ್ರಾಕ್ಟರಿಗೆ ಕೊಡಲಿಲ್ಲ, ಕಂಟ್ರಾಕ್ಟರ್ ನನಗೆ ಕೊಟ್ಟ ಚೆಕ್ಕು ವಾಪಸ್ ಬಂತು, ಅದನ್ನು ನಂಬಿ ನಾನು ಡೀಲರಿಗೆ ಕೊಟ್ಟದ್ದೂ ವಾಪಸ್ ಹೋಯಿತು. ಆಗ ಚೆಕ್ ಬೌನ್ಸ್ ಅಂದರೆ ಕ್ರಿಮಿನಲ್ ಕೇಸು. ಸಹಿ ಯಾರದ್ದೋ ಅವನೇ ಆರೋಪಿ, ಅವನಿಗೆ ಬರಬೇಕಾದದ್ದು ಬರಲಿಲ್ಲ ಅನ್ನುವುದು ಪೊಲೀಸರಿಗೆ ಬೇಡದ ಕಥೆ. ನಾನು ಜೈಲಿಗೆ ಹೋಗಲಿಲ್ಲ. ಪಾಸ್‌ಪೋರ್ಟ್ ಜಾಮೀನಿಗೆ ಇಟ್ಟೆ. ಕಂತು ಕಟ್ಟಿ ಮುಗಿಸುವವರೆಗೆ ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ.

ಆ ಕಂತುಗಳ ಮಧ್ಯದಲ್ಲಿ ತಂಗಿಯ ಮದುವೆ ಬಂತು. ಮುಹೂರ್ತ ಮೊದಲೇ ಇಟ್ಟಾಗಿತ್ತು, ಹಾಲ್‌ಗೆ ಅಡ್ವಾನ್ಸ್ ಕೊಟ್ಟವನು ನಾನೇ. ಮನೆಯಲ್ಲಿ ನಿಜ ಹೇಳಲಿಲ್ಲ. ಕೆಲಸ ಜಾಸ್ತಿ, ಅರ್ಬಾಬ್ ಬಿಡುತ್ತಿಲ್ಲ ಅಂದೆ. ಸ್ವಂತ ಕಂಪನಿ ಇರುವವನಿಗೆ ರಜೆ ಕೊಡದವರು ಯಾರು ಅಂತ ಅಪ್ಪಯ್ಯ ಒಂದು ಸಲ ಕೇಳಿದರು, ಮತ್ತೆ ಕೇಳಲಿಲ್ಲ. ಮದುಮಗಳ ಕೈಗೆ ಅಣ್ಣ ಅರಳು ಹಾಕುವ ಶಾಸ್ತ್ರ ಇದೆಯಲ್ಲ, ಅದನ್ನು ಚಿಕ್ಕಪ್ಪನ ಮಗ ಮಾಡಿದ. ಆಲ್ಬಮ್ಮಿನಲ್ಲಿ ಆ ಫೋಟೋ ಇದೆ. ನನಗೆಂದು ಹೊಲಿಸಿದ್ದ ಶರ್ಟನ್ನೇ ಅವನಿಗೆ ಹಾಕಿಸಿದ್ದರು, ತೋಳು ಒಂಚೂರು ಉದ್ದ. ತಂಗಿ ಈಗಲೂ ಆ ವಿಷಯ ಎತ್ತುವುದಿಲ್ಲ. ಎತ್ತಿದ್ದರೇ ಒಳ್ಳೆಯದಿತ್ತೇನೋ. ದುಡ್ಡು ಎರಡನೇ ಸಲ ದುಡಿದೆ, ಡೀಲರ್ ಕೂಡ ಮತ್ತೆ ಸಾಲ ಕೊಡುವ ಮಟ್ಟಿಗೆ ಸರಿಯಾಯಿತು. ಅದೊಂದು ಮಾತ್ರ ಹಾಗೇ ಉಳಿದಿದೆ.

ಕಾನೂನು ಈಗ ಬದಲಾಗಿದೆ. 2022ರ ಜನವರಿಯಿಂದ, ಅಕೌಂಟಿನಲ್ಲಿ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಚೆಕ್ ವಾಪಸ್ ಬಂದರೆ ಅದು ಕ್ರಿಮಿನಲ್ ಅಲ್ಲ. ಇದ್ದಷ್ಟು ದುಡ್ಡನ್ನು ಬ್ಯಾಂಕು ಕೊಟ್ಟು ಉಳಿದದ್ದಕ್ಕೆ ಬರೆದುಕೊಡಬೇಕು. ನಿಮ್ಮ ಗೆಳೆಯ ಇದನ್ನು ಹೇಳಿ ಧೈರ್ಯ ತುಂಬಬಹುದು. ಪೂರ್ತಿ ಕೇಳಿಸಿಕೊಳ್ಳಿ: ವಾಪಸ್ ಬಂದ ಚೆಕ್ಕನ್ನು ಹಿಡಿದು ಸಾಲ ಕೊಟ್ಟವನು ಈಗ ಸೀದಾ ಕೋರ್ಟಿನ ವಸೂಲಿ ವಿಭಾಗಕ್ಕೇ ಹೋಗಬಹುದು, ಮೊದಲಿನಂತೆ ದಾವೆ ಹೂಡಿ ಕಾಯಬೇಕಿಲ್ಲ. ಅಕೌಂಟ್ ಜಪ್ತಿ, ಟ್ರಾವೆಲ್ ಬ್ಯಾನ್ ಎಲ್ಲ ಅಲ್ಲಿಂದ ಬರಬಹುದು. ಜೈಲಿನ ಹೆದರಿಕೆ ಕಡಿಮೆಯಾಗಿದೆ, ಏರ್‌ಪೋರ್ಟಿನಲ್ಲಿ ನಿಲ್ಲಿಸುವ ಹೆದರಿಕೆ ಹೋಗಿಲ್ಲ.

ಹಾಗಾಗಿ ನೀವು ಗೆಳೆಯನನ್ನು ಮೊದಲು ಕೇಳಬೇಕಾದದ್ದು ಲಾಭ ಎಷ್ಟು ಅಂತ ಅಲ್ಲ. ಹೊರಗೆ ಎಷ್ಟು ಚೆಕ್ಕು ಕೊಟ್ಟಿದ್ದೀಯ, ಯಾರಿಗೆ, ಯಾವ ತಾರೀಕಿಗೆ, ನಿನಗೆ ಬರಬೇಕಾದ ಚೆಕ್ಕುಗಳು ಯಾರವು. ಈ ಪಟ್ಟಿ ಕೊಡಲು ಅವನು ಹಿಂದೆಮುಂದೆ ನೋಡಿದರೆ ನೀವು ಸೈಟು ಮಾರಬೇಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಇಲ್ಲಿ ನಮ್ಮವರು ನಮ್ಮವರಿಗೆ ಬಹಳ ಮಾಡುತ್ತಾರೆ. ಯಾರಾದರೂ ತೀರಿಕೊಂಡರೆ ಬಾಡಿಯನ್ನು ಊರಿಗೆ ಕಳಿಸುವವರೆಗೆ ರಾತ್ರಿಯಿಡೀ ಓಡಾಡುವವರನ್ನು ನೋಡಿದ್ದೇನೆ. ಆದರೆ ಅದೇ ಸಲುಗೆಯಲ್ಲಿ ಲೆಕ್ಕ ಕೇಳುವುದು ಹೇಗೆ ಅಂತ ಸುಮ್ನೆ ಕೂತು ಹಾಳಾದವರೂ ಇದ್ದಾರೆ. ಊರಲ್ಲಾದರೆ ಪಂಚಾಯಿತಿಕೆಗೆ ಹಿರಿಯರು ಕೂರುತ್ತಾರೆ, ಇಲ್ಲಿ ಯಾರು ಕೂರಬೇಕು?

ಬ್ಯಾಂಕಿನಲ್ಲಿ ಸಹಿ ನಿಮ್ಮೊಬ್ಬರದ್ದೇ ಇರಲಿ ಅಂತ ಅವನು ಅಂದರೆ ಅದನ್ನು ಗೌರವ ಅಂದುಕೊಳ್ಳಬೇಡಿ. ತಾರೀಕು, ಮೊತ್ತ ಬರೆಯದ ಖಾಲಿ ಚೆಕ್ಕಿಗೆ ಸೆಕ್ಯೂರಿಟಿಗೆ ಅಂತ ಸಹಿ ಹಾಕಬೇಡಿ, ಯಾರು ಕೇಳಿದರೂ ಬೇಡ. ಈಗ ಹೆಂಡತಿ ಮಗುವಿನ ಮಾತು. ಕಂಪನಿ ಲೈಸೆನ್ಸಿಗೆ ನಿಮ್ಮ ವೀಸಾ ಅಂಟಿಕೊಂಡಿರುತ್ತದೆ, ನಿಮ್ಮ ವೀಸಾಕ್ಕೆ ಅವರದ್ದು. ಮನೆ ಬಾಡಿಗೆಯನ್ನೂ ಇಲ್ಲಿ ವರ್ಷಕ್ಕೆ ನಾಲ್ಕೋ ಆರೋ ಚೆಕ್ಕು ಬರೆದು ಕೊಡುವುದು ವಾಡಿಕೆ. ಅಂದರೆ ಫ್ಯಾಮಿಲಿ ಬಂದ ದಿನವೇ ನಿಮ್ಮ ಸಹಿಯ ಇನ್ನಷ್ಟು ಚೆಕ್ಕುಗಳು ಹೊರಗೆ ಓಡಾಡುತ್ತವೆ. ಮೊದಲ ವರ್ಷ ಅದು ಬೇಕಾ?

ಕಸುಬಿನ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾದದ್ದು ಕಡಿಮೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಫೋನ್ ಇಡಲು ಬಿಡುವುದಿಲ್ಲ, ಚಳಿಗಾಲದಲ್ಲಿ ಫೋನ್ ಕೆಟ್ಟಿದೆಯಾ ಅಂತ ಎತ್ತಿ ನೋಡುತ್ತೀರಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಹುಡುಗರಿಂದ ಕೆಲಸ ಮಾಡಿಸುವ ಹಾಗಿಲ್ಲ, ಟೆರೇಸಿನ ಔಟ್‌ಡೋರ್ ಯೂನಿಟ್ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸಬೇಕು. ಕಾನೂನು ಇಲ್ಲದಿದ್ದರೂ ಮಾಡಿಸಬಾರದು, ಆ ಟೆರೇಸಿನಲ್ಲಿ ಸ್ಪಾನರ್ ಮುಟ್ಟಿದರೆ ಕೈ ಸುಡುತ್ತದೆ. ಬಿಲ್ಡಿಂಗ್ ಕೆಲಸಕ್ಕಿಂತ ಎಎಂಸಿ, ಅಂದರೆ ವರ್ಷದ ಮೇಂಟೆನೆನ್ಸ್ ಕಂಟ್ರಾಕ್ಟ್, ಹಿಡಿಯಿರಿ. ಸಣ್ಣ ಸಣ್ಣ ಕೆಫೆಟೇರಿಯಾ, ಸಲೂನ್, ಕ್ಲಿನಿಕ್ ಸಾಕು. ದುಡ್ಡು ಕಡಿಮೆ, ಆದರೆ ತಿಂಗಳು ತಿಂಗಳು ಬರುತ್ತದೆ, ಚೆಕ್ಕಿನ ತಾರೀಕು ಎಣಿಸಿಕೊಂಡು ಮಲಗಬೇಕಿಲ್ಲ. 2009ರ ನಂತರ ನಾನು ಹೀಗೇ ನಡೆಸಿಕೊಂಡು ಬಂದಿದ್ದೇನೆ. ನನ್ನ ಜತೆ ಶುರು ಮಾಡಿದವರಲ್ಲಿ ಕೆಲವರು ಇಪ್ಪತ್ತು ವ್ಯಾನ್ ಇಟ್ಟಿದ್ದಾರೆ, ನನ್ನದು ಈಗಲೂ ಕೈಬೆರಳೆಣಿಕೆ. ಇರಲಿ.

ಒಂದು ಕೆಲಸ ಮಾಡಿ. ಸೈಟು ಮಾರುವ ಮಾತು ಬದಿಗಿಟ್ಟು ನವೆಂಬರಿನಲ್ಲಿ ವಿಸಿಟ್ ವೀಸಾದಲ್ಲಿ ಸುಮ್ನೆ ನೋಡಲು ಬನ್ನಿ. ಸ್ಕ್ರೂಡ್ರೈವರ್ ಮುಟ್ಟಬೇಡಿ. ಗೆಳೆಯನ ಆಫೀಸಿನಲ್ಲಿ ನಾಲ್ಕು ದಿನ ಕೂತರೆ ಫೋನಿನಲ್ಲಿ ಗಿರಾಕಿಗಳು ಜಾಸ್ತಿಯಾ ಸಾಲ ಕೇಳುವವರು ಜಾಸ್ತಿಯಾ ಅಂತ ತಿಳಿಯುತ್ತದೆ. ಅದಕ್ಕೂ ಮೊದಲು ಅವನ ಟ್ರೇಡ್ ಲೈಸೆನ್ಸ್, ಎಂಓಎ ಎರಡರ ಕಾಪಿ ತರಿಸಿ ನನಗೆ ಕಳಿಸಿ. ಹೆಸರು, ಪಾಲು, ಎಕ್ಸ್‌ಪೈರಿ ತಾರೀಕು ನೋಡಿ ಹೇಳುತ್ತೇನೆ. ಶುಕ್ರವಾರ ಮಧ್ಯಾಹ್ನದ ಮೇಲಾದರೆ ನನಗೂ ಬಿಡುವಿರುತ್ತದೆ.