ಅಮೆರಿಕದ ಕೌಂಟಿ ಶೆರಿಫ್ ಅಂದರೆ ಯಾರು? ಅವರಿಂದ ಜನರಿಗೆ ಏನು ಉಪಯೋಗ?

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಆದರೆ ಶೆರಿಫ್ ನಮ್ಮ ಎಸ್‌ಪಿ ತರಹ ಪೋಸ್ಟಿಂಗ್ ಮೇಲೆ ಬರುವವರಲ್ಲ. ಹೆಚ್ಚಿನ ಕಡೆ ಜನರೇ ಓಟು ಹಾಕಿ ಆರಿಸುತ್ತಾರೆ. ಜೈಲು, ಕೋರ್ಟಿನ ಕಾವಲು, ಕೋರ್ಟ್ ಆದೇಶದ ಜಾರಿ ಎಲ್ಲ ಸಾಮಾನ್ಯವಾಗಿ ಅವರ ಹೆಗಲ ಮೇಲೆ.

ನನಗೆ ತುಂಬಾ ಹಿಡಿಸಿದ ಉದಾಹರಣೆ ಟಾಮ್ ಡಾರ್ಟ್. ಶಿಕಾಗೋ ನಗರ ಇರುವ ಕುಕ್ ಕೌಂಟಿಯ ಶೆರಿಫ್. ಮೊದಲು ಸರ್ಕಾರಿ ವಕೀಲರಾಗಿದ್ದರು, ಆಮೇಲೆ ಇಲಿನಾಯ್ ಶಾಸಕರಾದರು, 2006ರಲ್ಲಿ ಶೆರಿಫ್ ಆಗಿ ಗೆದ್ದರು.

2008ರಲ್ಲಿ ಸಾಲ ಕಟ್ಟಲಾಗದೆ ಸಾವಿರಾರು ಮನೆಗಳು ಬ್ಯಾಂಕಿನ ಪಾಲಾಗುತ್ತಿದ್ದವು. ಮನೆ ಖಾಲಿ ಮಾಡಿಸಲು ಹೋದ ಡೆಪ್ಯುಟಿಗಳಿಗೆ, ಅಂದರೆ ಶೆರಿಫ್ ಕೈಕೆಳಗಿನ ಸಿಬ್ಬಂದಿಗೆ, ಬಾಗಿಲು ತೆರೆಯುತ್ತಿದ್ದವರು ಎಷ್ಟೋ ಸಲ ಬಾಡಿಗೆದಾರರು. ತಿಂಗಳು ತಿಂಗಳೂ ಸರಿಯಾಗಿ ಬಾಡಿಗೆ ಕೊಟ್ಟವರು. ಸಾಲ ಮಾಡಿದ್ದು ಓನರ್, ಸಾಮಾನು ಸಮೇತ ಬೀದಿಗೆ ಬೀಳೋದು ಇವರು. ಅನ್ಯಾಯ ಅಲ್ವಾ? ಅಕ್ಟೋಬರ್‌ನಲ್ಲಿ ಡಾರ್ಟ್ ಇಂಥ ತೆರವನ್ನೇ ನಿಲ್ಲಿಸಿಬಿಟ್ಟರು. ಕೋರ್ಟ್ ಆದೇಶ ಜಾರಿ ಮಾಡಬೇಕಾದವರೇ ಹಾಗೆ ಹೇಳಲು ನಿಜಕ್ಕೂ ಎದೆಗಾರಿಕೆ ಬೇಕು. ಬಾಡಿಗೆದಾರರಿಗೆ ರಕ್ಷಣೆ ಕೊಡುವ ಕ್ರಮಗಳು ಬಂದ ಮೇಲೆಯೇ ಕೆಲಸ ಮತ್ತೆ ಶುರುವಾಯಿತು.

ಅವರ ಜೈಲಿನಲ್ಲಿ ಮಾನಸಿಕ ಕಾಯಿಲೆ ಇರುವವರು ತುಂಬಾ ಜಾಸ್ತಿ. ಹಾಗಾಗಿ 2015ರಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯನ್ನೇ ಜೈಲಿನ ಮುಖ್ಯಸ್ಥೆಯಾಗಿ ನೇಮಿಸಿದರು. ಕೈದಿಗಳಿಗೆ ಚೆಸ್ ಕಲಿಸುವ ವ್ಯವಸ್ಥೆಯೂ ಅಲ್ಲಿದೆ.