ಹಡಗು ಹತ್ತುವ ಮುನ್ನ ಎರಡು ರಾತ್ರಿ ದ್ವೀಪದಲ್ಲಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಪ್ರವಾಸ

ಪ್ರಶ್ನೆ: ನಾವು ಮಲ್ಲೇಶ್ವರದವರು. ನನಗೆ 66 ವರ್ಷ, ನನ್ನ ಪತ್ನಿಗೆ 62. ಆಕೆಗೆ ಮಂಡಿನೋವಿದೆ. ಮಗಳು, ಅಳಿಯ ಮತ್ತು 7 ವರ್ಷದ ಮೊಮ್ಮಗಳ ಜೊತೆ ನಾಲ್ಕು ರಾತ್ರಿಗಳ ಕ್ರೂಸ್ ಕಾಯ್ದಿರಿಸಿದ್ದೇವೆ. ಹಡಗು ಶುಕ್ರವಾರ ಸಂಜೆ ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರ್‌ನಿಂದ ಹೊರಟು ಪೆನಾಂಗ್ ಮತ್ತು ಫುಕೆಟ್‌ಗೆ ಹೋಗಿ ಸಿಂಗಪುರಕ್ಕೇ ಮರಳುತ್ತದೆ. ಗುರುವಾರ ರಾತ್ರಿಯ ವಿಮಾನ ಹಿಡಿದರೆ ಸಾಕೆಂದು ಅಳಿಯಂದಿರು ಹೇಳುತ್ತಾರೆ. ಎರಡು ದಿನ ಮೊದಲೇ ಹೋಗಿ ಸೆಂಟೋಸಾ ದ್ವೀಪದಲ್ಲಿ ತಂಗಬೇಕೆಂಬುದು ನನ್ನ ಆಸೆ. ನಾವು ಸಸ್ಯಾಹಾರಿಗಳು. ಯಾವುದು ಸರಿ?

ಉತ್ತರ: ಮೊದಲೇ ಹೋಗಬೇಕೆಂಬ ನಿಮ್ಮ ಮಾತು ಪೂರ್ತಿ ಸರಿ, ಎಲ್ಲಿ ತಂಗಬೇಕು ಎಂಬ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ.

ಅಳಿಯಂದಿರ ಲೆಕ್ಕವನ್ನು ಮೊದಲು ನೋಡೋಣ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ 11ಕ್ಕೆ ಹೊರಟರೆ ಅಲ್ಲಿ ಇಳಿಯುವಾಗ ಬೆಳಗಿನ 6 ಗಂಟೆ. ಹಡಗು ಸಂಜೆ ಹೊರಡುವುದರಿಂದ ಇಡೀ ಹಗಲು ಕೈಯಲ್ಲಿದೆ ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಹಡಗಿನ ಪ್ರವೇಶವನ್ನು ಅದು ಹೊರಡುವುದಕ್ಕೆ ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಮೊದಲೇ ಮುಚ್ಚುತ್ತಾರೆ, ಮತ್ತು ಬೇರೆಯಾಗಿ ಕೊಂಡ ವಿಮಾನ ಟಿಕೆಟ್ಟಿನ ವಿಳಂಬಕ್ಕಾಗಿ ಯಾವ ಹಡಗೂ ಕಾಯುವುದಿಲ್ಲ. ವಿಮಾನ ರದ್ದಾಗಿ ಮರುದಿನದ್ದು ಸಿಕ್ಕರೆ ನೀವು ನಿಮ್ಮದೇ ಖರ್ಚಿನಲ್ಲಿ ಪೆನಾಂಗ್‌ಗೆ ಹಾರಿ ಅಲ್ಲಿ ಹಡಗನ್ನು ಸೇರಬೇಕಾಗುತ್ತದೆ, ಅದೂ ಹಡಗಿನವರು ಮತ್ತು ಅಲ್ಲಿನ ವಲಸೆ ಅಧಿಕಾರಿಗಳು ಒಪ್ಪಿದರೆ. ವಿಮಾನ ಸರಿಯಾಗಿ ಬಂದು ಪೆಟ್ಟಿಗೆಯೊಂದು ಹಿಂದುಳಿದರೂ ಕಷ್ಟವೇ: ಮರುದಿನ ಅದು ಚಾಂಗಿ ವಿಮಾನ ನಿಲ್ದಾಣಕ್ಕೆ ಬರುವಾಗ ನೀವು ಮಲಕ್ಕಾ ಜಲಸಂಧಿಯಲ್ಲಿರುತ್ತೀರಿ. ಇವೆಲ್ಲ ಆಗದಿದ್ದರೂ, ರಾತ್ರಿಯಿಡೀ ನಿದ್ದೆಗೆಟ್ಟ ಮಗುವನ್ನೂ ಮಂಡಿನೋವಿನವರನ್ನೂ ಕರೆದುಕೊಂಡು ಮಧ್ಯಾಹ್ನ ಟರ್ಮಿನಲ್‌ನ ಸಾಲಿನಲ್ಲಿ ನಿಲ್ಲುವುದು ಸಣ್ಣ ಮಾತಲ್ಲ.

ರಾತ್ರಿಗಳನ್ನು ಎಣಿಸುವಾಗ ಒಂದು ಎಚ್ಚರಿಕೆ ಬೇಕು. ವಿಮಾನದಲ್ಲಿ ಕಳೆದ ರಾತ್ರಿಯನ್ನು ತಂಗಿದ ರಾತ್ರಿಯೆಂದು ಎಣಿಸಬಾರದು. ಎರಡು ರಾತ್ರಿ ಎಂದರೆ ಬುಧವಾರ ಮತ್ತು ಗುರುವಾರದ ರಾತ್ರಿಗಳು, ಅಂದರೆ ನೀವು ಬುಧವಾರ ಸಿಂಗಪುರದಲ್ಲಿ ಇಳಿದಿರಬೇಕು. ಹಗಲಿನ ವಿಮಾನ ಸಿಕ್ಕರೆ ಅದನ್ನೇ ಆರಿಸಿ, ನೂರಿನ್ನೂರು ರೂಪಾಯಿಯಲ್ಲ, ಕೆಲವು ಸಾವಿರ ಹೆಚ್ಚಾದರೂ ಸರಿ. ಸಂಜೆ ಇಳಿದು, ಊಟ ಮಾಡಿ, ಹಾಸಿಗೆಯ ಮೇಲೆ ಮಲಗಬಹುದು. ರಾತ್ರಿಯ ವಿಮಾನವೇ ಗತಿಯಾದರೆ ಮಂಗಳವಾರ ರಾತ್ರಿ ಹೊರಡಬೇಕು, ಆಗ ಬುಧವಾರ ಬೆಳಗಿನ 6ರಿಂದ ಕೋಣೆ ಸಿಗುವ ಮಧ್ಯಾಹ್ನ 2 ಅಥವಾ 3 ಗಂಟೆಯವರೆಗೆ ಎಲ್ಲಿರುವುದು ಎಂಬುದನ್ನು ಬೆಂಗಳೂರಿನಲ್ಲಿದ್ದಾಗಲೇ ತೀರ್ಮಾನಿಸಿರಬೇಕು. ಹೋಟೆಲಿಗೆ ಮೊದಲೇ ಬರೆದು ಬೇಗ ಕೋಣೆ ಕೊಡುವಂತೆ ಕೇಳುವುದು ಒಂದು ದಾರಿ. ವಿಮಾನ ನಿಲ್ದಾಣಕ್ಕೆ ಸೇರಿದಂತಿರುವ ಜ್ಯುವೆಲ್ ಕಟ್ಟಡದಲ್ಲಿ 40 ಮೀಟರ್ ಎತ್ತರದ ಒಳಾಂಗಣ ಜಲಪಾತದ ಎದುರು ಕುಳಿತು ಬೆಳಗನ್ನು ಕಳೆಯುವುದು ಇನ್ನೊಂದು. ಹಿಂದಿನ ರಾತ್ರಿಯಿಂದಲೇ ಕೋಣೆಗೆ ಹಣ ಕಟ್ಟುವುದು ದುಬಾರಿ, ಆದರೂ ನಿಮ್ಮ ಕುಟುಂಬಕ್ಕೆ ಅದು ದಂಡವಲ್ಲ.

ಇನ್ನು ಎಲ್ಲಿ ತಂಗುವುದು ಎಂಬ ಮಾತು. ಸೆಂಟೋಸಾ ಎಂಬುದು ನಮ್ಮ ‘ಸಂತೋಷ’ವೇ; ಸಂಸ್ಕೃತದಿಂದ ಮಲಯ ಭಾಷೆಗೆ ಹೋಗಿ ನೆಮ್ಮದಿ ಎಂಬ ಅರ್ಥ ಪಡೆದ ಪದ. ಪುಲಾವ್ ಬ್ಲಕಾಂಗ್ ಮಾಟಿ ಎಂದು ಕರೆಯಲಾಗುತ್ತಿದ್ದ, ಬ್ರಿಟಿಷ್ ಸೈನ್ಯದ ನೆಲೆಯಾಗಿದ್ದ ಈ ದ್ವೀಪಕ್ಕೆ 1970ರ ದಶಕದಲ್ಲಿ ಹೊಸ ಹೆಸರು ಬಂದು ಅದು ವಿಹಾರ ತಾಣವಾಯಿತು. ಅಲ್ಲಿ ಕಡಲತೀರಗಳಿವೆ, ಮಕ್ಕಳಿಗೆ ಬೇಕಾದ ಆಟಗಳಿವೆ, ಒಳ್ಳೆಯ ಹೋಟೆಲುಗಳಿವೆ. ಆದರೆ ಕೋಣೆಯ ಬಾಡಿಗೆ ಹೆಚ್ಚು, ನಮ್ಮ ರೀತಿಯ ಸಸ್ಯಾಹಾರ ಕಡಿಮೆ, ಪ್ರತಿ ಸಣ್ಣ ಅಗತ್ಯಕ್ಕೂ ದ್ವೀಪದೊಳಗೆ ಓಡಾಡಬೇಕು. ಸಮುದ್ರವನ್ನು ನೋಡುತ್ತಾ ಮಲಗುವ ಸುಖಕ್ಕಾಗಿಯೇ ಸೆಂಟೋಸಾ ಬೇಕೆಂದಿದ್ದರೆ, ಅದರ ನಂತರದ ನಾಲ್ಕು ರಾತ್ರಿ ನಿಮಗೆ ಅದೇ ಸುಖ ಹಡಗಿನಲ್ಲಿ ದೊರೆಯುತ್ತದೆ.

ನಿಮ್ಮ ಕುಟುಂಬಕ್ಕೆ ನಾನು ಲಿಟಲ್ ಇಂಡಿಯಾ ಅಥವಾ ಅದರ ಪಕ್ಕದ ಫೇರರ್ ಪಾರ್ಕ್ ಸುತ್ತಮುತ್ತ ಹೋಟೆಲ್ ಹಿಡಿಯಲು ಹೇಳುತ್ತೇನೆ. ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ, ಬಾಳೆಲೆ ಊಟ ನಡೆದು ಹೋಗುವಷ್ಟು ದೂರದಲ್ಲೇ ಸಿಗುತ್ತದೆ. ಬೇರೆ ಕಡೆ ‘ವೆಜಿಟೇರಿಯನ್’ ಎಂದು ಕೊಟ್ಟ ತಿನಿಸಿನಲ್ಲೂ ಸೀಗಡಿಯ ಚಟ್ನಿ ಅಥವಾ ಮೀನಿನ ಸಾರ ಸೇರಿರುವ ಸಂಭವವಿರುವುದರಿಂದ ಹಿರಿಯರಿಗೆ ಇದು ದೊಡ್ಡ ನೆಮ್ಮದಿ. ಅಲ್ಲಿಂದ ನಾರ್ತ್ ಈಸ್ಟ್ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲಿಯೂ ರೈಲು ಬದಲಿಸದೆ ಹಾರ್ಬರ್‌ಫ್ರಂಟ್ ನಿಲ್ದಾಣದಲ್ಲಿ ಇಳಿಯಬಹುದು, ಸೆಂಟೋಸಾಕ್ಕೆ ಬಾಗಿಲು ಅದೇ. ನಿಲ್ದಾಣದ ಮೇಲಿನ ವಿವೊಸಿಟಿ ಮಾಲ್‌ನಿಂದ ಸೆಂಟೋಸಾ ಎಕ್ಸ್‌ಪ್ರೆಸ್ ಮಾನೊರೈಲು ಹೊರಡುತ್ತದೆ. ದ್ವೀಪದೊಳಗಿನ ಬಸ್ಸು, ಕಡಲತೀರದ ಟ್ರಾಮ್‌ಗಳಿಗೆ ಹಣವಿಲ್ಲ. ಎರಡೇ ರಾತ್ರಿಗೆ ಹೋಟೆಲ್ ಬದಲಿಸುವ ಯೋಚನೆ ಮಾತ್ರ ಬೇಡ.

ಗುರುವಾರ ಒಂದೇ ಪೂರ್ತಿ ದಿನ. ಅದನ್ನು ತುಂಬಿಸಬೇಡಿ. ಸಿಂಗಪುರ ಸಮಭಾಜಕ ವೃತ್ತದಿಂದ ಕೇವಲ ಒಂದು ಡಿಗ್ರಿಯಷ್ಟು ಉತ್ತರಕ್ಕಿದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಿಂದ ಹೋದವರಿಗೆ ಅಲ್ಲಿನ ಮಧ್ಯಾಹ್ನದ ಸೆಕೆ ನಿಜವಾಗಿಯೂ ಸುಸ್ತು ಮಾಡುತ್ತದೆ. ಬೆಳಿಗ್ಗೆ ಹತ್ತಿರದ ವೀರಮಾಕಾಳಿಯಮ್ಮನ್ ದೇವಸ್ಥಾನಕ್ಕೆ ಹೋಗಿ ಬಂದು, ಊಟದ ಮೇಲೆ ಒಂದು ನಿದ್ದೆ ಮಾಡಿ, ನಾಲ್ಕರ ಹೊತ್ತಿಗೆ ಸೆಂಟೋಸಾಕ್ಕೆ ಹೊರಡಿ. ಸಿಲೊಸೊ ಕೋಟೆಯ ಆಕಾಶ ಸೇತುವೆಗೆ ಲಿಫ್ಟ್ ಇರುವುದರಿಂದ ನಿಮ್ಮ ಪತ್ನಿಯೂ ಮೆಟ್ಟಿಲು ಹತ್ತದೆ ಮರಗಳ ತುದಿಯಲ್ಲಿ ನಡೆಯಬಹುದು. ನಂತರ ಮೊಮ್ಮಗಳು ಪಲಾವನ್ ತೀರದ ಮರಳಿನಲ್ಲಿ ಆಡಲಿ. ವರ್ಷವಿಡೀ ಅಲ್ಲಿ ಸೂರ್ಯ ಮುಳುಗುವುದು ಸುಮಾರು 7 ಗಂಟೆಗೆ. ದಡದಲ್ಲಿ ಕುಳಿತರೆ ಜಲಸಂಧಿಯಲ್ಲಿ ಲಂಗರು ಹಾಕಿ ನಿಂತ ಹತ್ತಾರು ಸರಕು ಹಡಗುಗಳು ದೀಪ ಹಚ್ಚಿಕೊಳ್ಳುವುದು ಕಾಣುತ್ತದೆ, ಮರುದಿನ ತಾನೂ ಅದೇ ನೀರಿನ ಮೇಲೆ ಹೋಗುವೆನೆಂದು ಮಗುವಿಗೆ ತಿಳಿಯುವ ಹೊತ್ತು ಅದು. ಇನ್ನೊಂದು ಕಾರಣಕ್ಕೂ ಮಂಡಿಯನ್ನು ಇಲ್ಲಿ ಉಳಿಸಿಕೊಳ್ಳಬೇಕು: ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಅನೇಕ ಸಲ ದಡಕ್ಕೆ ತಾಗದೆ ದೂರದಲ್ಲೇ ನಿಂತು, ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ಇಳಿಸುತ್ತವೆ. ಅಲುಗಾಡುವ ದೋಣಿಗೆ ಕಾಲಿಡಲು ಮಂಡಿಗೆ ಬಲ ಬೇಕು.

ಶುಕ್ರವಾರ ಟ್ಯಾಕ್ಸಿ ಹತ್ತುವಾಗ ಟರ್ಮಿನಲ್‌ನ ಹೆಸರನ್ನು ಪೂರ್ತಿಯಾಗಿ ಹೇಳಿ. ಸಿಂಗಪುರದಲ್ಲಿ ಎರಡು ಕ್ರೂಸ್ ಟರ್ಮಿನಲ್‌ಗಳಿವೆ: ನಿಮ್ಮದು 2012ರಲ್ಲಿ ಆರಂಭವಾದ ಮರೀನಾ ಬೇ ಕ್ರೂಸ್ ಸೆಂಟರ್, ಹಾರ್ಬರ್‌ಫ್ರಂಟ್‌ನಲ್ಲಿರುವುದು ಸಿಂಗಪುರ್ ಕ್ರೂಸ್ ಸೆಂಟರ್. ಹಿಂದಿನ ದಿನ ಸೆಂಟೋಸಾಕ್ಕಾಗಿ ಹಾರ್ಬರ್‌ಫ್ರಂಟ್‌ಗೆ ಹೋಗಿ ಬಂದವರು ಅಭ್ಯಾಸಬಲದಿಂದ ಅಲ್ಲಿಗೇ ಹೋಗುವ ಅಪಾಯವಿದೆ. ಐದು ಜನ ಮತ್ತು ಪೆಟ್ಟಿಗೆಗಳಿಗೆ ದೊಡ್ಡ ಟ್ಯಾಕ್ಸಿಯೇ ಬೇಕು. ಮರೀನಾ ಸೌತ್ ಪಿಯರ್ ಮೆಟ್ರೊ ನಿಲ್ದಾಣದಿಂದ ಪೆಟ್ಟಿಗೆ ಎಳೆದುಕೊಂಡು ನಡೆಯುವ ಯೋಚನೆ ಬೇಡ. ಟರ್ಮಿನಲ್‌ನಲ್ಲಿ ಒಪ್ಪಿಸಿದ ಪೆಟ್ಟಿಗೆಗಳು ನಿಮ್ಮ ಕೋಣೆಗೆ ಬರುವಾಗ ಸಂಜೆಯಾಗಬಹುದಾದ್ದರಿಂದ ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಮಗುವಿನ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು.

ದಾಖಲೆಗಳ ವಿಷಯದಲ್ಲಿ ಅನೇಕರು ಎಡವುವುದು ಒಂದೇ ಕಡೆ. ನೀವು ಸಿಂಗಪುರವನ್ನು ಹಡಗಿನಲ್ಲಿ ಬಿಟ್ಟು ಮತ್ತೆ ಹಡಗಿನಲ್ಲಿ ಬರುವುದು ಎರಡನೆಯ ಪ್ರವೇಶ. ಆದ್ದರಿಂದ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶವಿದೆಯೇ ಎಂದು ಐವರದ್ದನ್ನೂ ಬಿಡಿಬಿಡಿಯಾಗಿ ನೋಡಿ. ಸಿಂಗಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಎಸ್‌ಜಿ ಅರೈವಲ್ ಕಾರ್ಡನ್ನೂ ಪ್ರವೇಶಕ್ಕೆ ಮೊದಲಿನ ಮೂರು ದಿನಗಳೊಳಗೆ, ಎರಡೂ ಸಲ ಸಲ್ಲಿಸಬೇಕು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಮಲೇಷ್ಯಾ ಮತ್ತು ಥಾಯ್ಲೆಂಡ್ ಈಚಿನ ವರ್ಷಗಳಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿವೆಯಾದರೂ ಈ ನಿಯಮಗಳು ಬದಲಾಗುತ್ತಿರುತ್ತವೆ, ಹಣ ಕಟ್ಟುವಾಗ ಒಮ್ಮೆ ಮತ್ತು ಹೊರಡುವ ವಾರ ಇನ್ನೊಮ್ಮೆ ಪರಿಶೀಲಿಸಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಪ್ರಯಾಣ ವಿಮೆ ಕೊಳ್ಳುವಾಗ ಅದು ಹಡಗಿನ ವೈದ್ಯರ ಶುಲ್ಕವನ್ನೂ ಕ್ರೂಸ್ ತಪ್ಪಿದ ನಷ್ಟವನ್ನೂ ಭರಿಸುತ್ತದೆಯೇ ಎಂದು ಕೇಳಿ. ಹಡಗು ದಡ ಬಿಟ್ಟ ಕೂಡಲೇ ಐದೂ ಮೊಬೈಲ್‌ಗಳನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಏಕೆಂದರೆ ನಡುಗಡಲಿನಲ್ಲಿ ಅವು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡರೆ ಬರುವ ಬಿಲ್ ವಿಮಾನದ ಟಿಕೆಟ್ಟಿಗೆ ಸಮನಾಗಬಹುದು.

ಪ್ರಶ್ನೆ: ಸಿಂಗಪುರದಲ್ಲಿ ಎರಡು ದಿನ ತಂಗಿ ಹಡಗು ಹತ್ತುವವರಿದ್ದೇವೆ. ಮನೆಯಿಂದ ತಿಂಡಿ, ಪುಡಿಗಳನ್ನು ಒಯ್ಯಬಹುದೇ? (ವಿಜಯನಗರದ ಓದುಗರು)

ಉತ್ತರ: ತಂಗುವ ಎರಡು ದಿನಗಳಿಗೆ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಒಯ್ಯಬಹುದು, ಆದರೆ ಗಸಗಸೆ ಮಾತ್ರ ಬೇಡವೇ ಬೇಡ. ನಮ್ಮ ಅಡುಗೆಮನೆಯ ಈ ಸಾಧಾರಣ ಪದಾರ್ಥವು ಸಿಂಗಪುರದಲ್ಲಿ ಮಾದಕವಸ್ತು ಕಾನೂನಿನ ಕಾರಣದಿಂದ ನಿರ್ಬಂಧಿತ; ಪಾಯಸಕ್ಕೆಂದು ಪೊಟ್ಟಣ ಕಟ್ಟಿಕೊಳ್ಳುವುದಾಗಲಿ, ಗಸಗಸೆ ಹಾಕಿದ ಮಸಾಲೆ ಪುಡಿಯಾಗಲಿ ಪೆಟ್ಟಿಗೆಯಲ್ಲಿ ಇರಬಾರದು. ಗುಟ್ಕಾ, ಜಗಿಯುವ ತಂಬಾಕು, ಚ್ಯೂಯಿಂಗ್ ಗಮ್, ಇ-ಸಿಗರೇಟುಗಳಿಗೂ ಅಲ್ಲಿ ನಿಷೇಧವಿದೆ. ಕೊಡೀನ್ ಇರುವ ಕೆಮ್ಮಿನ ಔಷಧಿ, ಡಯಜೆಪಾಮ್‌ನಂಥ ಮಾತ್ರೆಗಳಿಗೆ ಮುಂಚಿತ ಅನುಮತಿ ಬೇಕಾಗುತ್ತದೆ, ವೈದ್ಯರ ಚೀಟಿ ಜೊತೆಗಿರಲಿ. ಹಡಗಿನೊಳಕ್ಕೆ ಮನೆಯಲ್ಲಿ ಮಾಡಿದ ತಿಂಡಿಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಉಳಿದದ್ದನ್ನು ಹತ್ತುವ ದಿನ ಬೆಳಿಗ್ಗೆಯೇ ಮುಗಿಸಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಆ ವಿಷಯವನ್ನು ಕಾಯ್ದಿರಿಸುವಾಗಲೇ ಕ್ರೂಸ್ ಸಂಸ್ಥೆಗೆ ಬರೆದು ತಿಳಿಸುವುದು ಒಳ್ಳೆಯದು.

ಪ್ರಶ್ನೆ: ನಾನು ಮತ್ತು ಅಕ್ಕ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಲಿದ್ದೇವೆ. ಅದಕ್ಕೂ ಮೊದಲು ಒಂದು ರಾತ್ರಿ ಯಾವುದಾದರೂ ದ್ವೀಪದಲ್ಲಿ ಉಳಿಯಬಹುದೇ? (ಜಯನಗರದ ಓದುಗರು)

ಉತ್ತರ: ಕೊಚ್ಚಿಯೇ ದ್ವೀಪಗಳ ಊರು. ಹಡಗುಕಟ್ಟೆಯಿರುವ ವಿಲ್ಲಿಂಗ್ಡನ್ ದ್ವೀಪವಂತೂ ಕಳೆದ ಶತಮಾನದ ಮೊದಲರ್ಧದಲ್ಲಿ, ರಾಬರ್ಟ್ ಬ್ರಿಸ್ಟೊ ಎಂಬ ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ಬಂದರಿಗಾಗಿ ಹಿನ್ನೀರಿನ ತಳವನ್ನು ಆಳ ಮಾಡಿದಾಗ ತೆಗೆದ ಮಣ್ಣಿನಿಂದಲೇ ಕಟ್ಟಿದ ನೆಲ. ಕ್ರೂಸ್ ಟರ್ಮಿನಲ್‌ಗೆ ಹತ್ತಿರವಾದರೂ ಅದು ಬಹುಮಟ್ಟಿಗೆ ಬಂದರಿನ ಕಚೇರಿ, ಗೋದಾಮುಗಳ ಪ್ರದೇಶ. ಒಂದೇ ರಾತ್ರಿಯಾದರೆ ನಾನು ಬೋಲ್ಗಾಟಿ ದ್ವೀಪವನ್ನು ಆರಿಸುತ್ತೇನೆ. ಡಚ್ಚರು 1744ರಲ್ಲಿ ಕಟ್ಟಿದ ಅರಮನೆ ಈಗ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲಾಗಿದೆ, ಸೇತುವೆ ಇರುವುದರಿಂದ ಯಾವ ಹೊತ್ತಿನಲ್ಲೂ ಕಾರು ಹೋಗುತ್ತದೆ. ಹಗಲಿನಲ್ಲಿ ಹೈಕೋರ್ಟ್ ಕಟ್ಟೆಯಿಂದ ವಾಟರ್ ಮೆಟ್ರೊ ದೋಣಿ ಹಿಡಿದು ಫೋರ್ಟ್ ಕೊಚ್ಚಿಗೆ ಹೋಗಿ ಚೀನೀ ಬಲೆಗಳನ್ನೂ, ಮಟ್ಟಾಂಚೇರಿಯಲ್ಲಿ 1568ರ ಪರದೇಶಿ ಸಿನಗಾಗನ್ನೂ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಬಹುದು, ಶನಿವಾರ ಸಿನಗಾಗ್ ಮುಚ್ಚಿರುತ್ತದೆ, ಶುಕ್ರವಾರ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಕಡ್ಡಾಯವಾದ್ದರಿಂದ ಹಡಗಿನ ಸಂಸ್ಥೆ ಕೇಳುವ ಗುರುತಿನ ದಾಖಲೆಗಳನ್ನು ಗಡುವಿನೊಳಗೆ ಕಳುಹಿಸಿ. ಮುಂಗಾರಿನ ತಿಂಗಳುಗಳಲ್ಲಿ ಆ ಸಮುದ್ರ ಒರಟಾಗಿರುತ್ತದೆ, ಅಕ್ಟೋಬರ್ ಕಳೆದ ಮೇಲಿನ ದಿನಾಂಕ ಹುಡುಕಿ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಎರ್ನಾಕುಲಂ ಮುಟ್ಟುವ ಕನ್ಯಾಕುಮಾರಿ ರೈಲು ನಿಮಗೆ ಅನುಕೂಲ. ಹಳಬರು ಅದನ್ನು ಇಂದಿಗೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಒಂದು ಕಾಲದಲ್ಲಿ ಅದು ನಮ್ಮೂರಿನಿಂದ ವಿಲ್ಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್‌ವರೆಗೆ ಓಡುತ್ತಿದ್ದುದರಿಂದ ಬಂದ ಹೆಸರದು. ಹಡಗು ಶನಿವಾರ ಮಧ್ಯಾಹ್ನ ಹೊರಡುವುದಾದರೆ ಶುಕ್ರವಾರ ರಾತ್ರಿಯಲ್ಲ, ಗುರುವಾರ ರಾತ್ರಿಯೇ ಈ ರೈಲು ಹತ್ತಿ.