ಮೊದಲ ಸಲಕ್ಕೆ .22 ಸಾಕು

ವಿದೇಶ ಪ್ರವಾಸದ ನಡುವೆ ಶೂಟಿಂಗ್ ರೇಂಜಿನಲ್ಲಿ ಮೊದಲ ಬಾರಿ ಪಿಸ್ತೂಲು ಹಿಡಿಯುವವರು ನೇರವಾಗಿ 9 ಎಂಎಂ ಗುಂಡಿನ ಪಿಸ್ತೂಲನ್ನೇ ಆರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಅಡ್ಡಿಯಿಲ್ಲ, ಆದರೆ ನನ್ನ ಮತ .22ಕ್ಕೆ, ಅಂದರೆ ಇನ್ನೂ ಸಣ್ಣ ಗುಂಡಿನ ಪಿಸ್ತೂಲಿಗೆ. ಗುಂಡು ಹಾರಿದಾಗ ಅದು ಕೈಗೆ ಕೊಡುವ ಒದೆತ ತೀರಾ ಕಡಿಮೆ. 9 ಎಂಎಂನ ಸದ್ದು ಬರುತ್ತದೆಂಬ ಅಳುಕಿಗೆ ಹೊಸಬರ ಕೈ ಗುಂಡು ಹಾರುವ ಮೊದಲೇ ಬೆದರಿ ಕೆಳಗೆ ಬಾಗುತ್ತದೆ. ಗುರಿಹಾಳೆಯ ತಳದಲ್ಲೇ ತೂತುಗಳು ಗುಂಪುಗೂಡಿದರೆ ಕಾರಣ ಬಹುತೇಕ ಇದೇ. ದೃಷ್ಟಿ ಪಿಸ್ತೂಲಿನ ತುದಿಯ ಗುರಿಮೊನೆಯ ಮೇಲಿರಲಿ, ಹಾಳೆ ಸ್ವಲ್ಪ ಮಸುಕಾಗಿ ಕಂಡರೂ ಚಿಂತೆಯಿಲ್ಲ. ಟ್ರಿಗರನ್ನು ಜಗ್ಗದೆ ನಿಧಾನವಾಗಿ ಒತ್ತಿ. ಹೆಬ್ಬೆರಳು ಸ್ಲೈಡಿನ (ಗುಂಡು ಹಾರಿದಾಗ ರಭಸದಿಂದ ಹಿಂದಕ್ಕೆ ಸರಿಯುವ ಪಿಸ್ತೂಲಿನ ಮೇಲ್ಭಾಗ) ಹಿಂದೆ ಬಂದರೆ ಚರ್ಮ ಕಿತ್ತುಬರುತ್ತದೆ (ಸಿನಿಮಾಗಳು ಇದನ್ನು ತೋರಿಸುವುದಿಲ್ಲ).

ಕನ್ನಡಕ, ಕಿವಿಗವಸು ಅಲ್ಲೇ ಕೊಡುತ್ತಾರೆ. ಕೊರಳು ಮುಚ್ಚುವ ಅಂಗಿ ಮಾತ್ರ ನೀವೇ ತೊಟ್ಟು ಹೋಗಿ. ಹೊರಚಿಮ್ಮುವ ಖಾಲಿ ಕಾಡತೂಸು ಸುಡುವಷ್ಟು ಬಿಸಿಯಿರುತ್ತದೆ, ಅಂಗಿಯೊಳಗೆ ಬಿದ್ದರೆ ಕುಣಿಸಿಬಿಡುತ್ತದೆ. ಆಗಲೂ ನಳಿಕೆ ಗುರಿಯತ್ತಲೇ ಇರಬೇಕು, ಬೆರಳು ಟ್ರಿಗರಿನಿಂದ ಹೊರಗಿರಬೇಕು.

ಪಾಸ್‌ಪೋರ್ಟ್ ಜೊತೆಗಿರಲಿ. ಮುಗಿದ ಮೇಲೆ ಊಟಕ್ಕೆ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆಯಿರಿ, ಸೀಸದ ಧೂಳು ಅಂಟಿರುತ್ತದೆ. ನೆನಪಿಗೆಂದು ಖಾಲಿ ಕಾಡತೂಸನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ತೂತುಬಿದ್ದ ಗುರಿಹಾಳೆಯನ್ನು ಕೇಳಿ ತನ್ನಿ.